ಕ್ರೊಯೇಷಿಯಾದಲ್ಲಿ ಬಾಡಿಗೆ ಹಾಯಿದೋಣಿ: ದೋಣಿಗೆ ನಾಲ್ಕೂವರೆ, ಕಾಗದಪತ್ರಕ್ಕೆ ಎರಡು

ಮೊದಲೇ ಅಂಕ ಕೊಟ್ಟುಬಿಡುತ್ತೇನೆ, ಕಾರಣ ಆಮೇಲೆ. ದೋಣಿಗೆ ಐದಕ್ಕೆ ನಾಲ್ಕೂವರೆ. ಮರೀನಾದಲ್ಲಿ, ಅಂದರೆ ಇಂಥ ದೋಣಿಗಳನ್ನು ಕಟ್ಟುವ ಬಂದರಿನಲ್ಲಿ, ಕೆಲಸ ಮಾಡುವ ಹುಡುಗರಿಗೆ ನಾಲ್ಕು. ಒಪ್ಪಂದ, ಠೇವಣಿ, ವಿಮೆ ಈ ಮೂರಕ್ಕೂ ಸೇರಿಸಿ ಎರಡು. ಅದೂ ಕೊನೆಗೆ ದುಡ್ಡು ವಾಪಸ್ ಬಂತು ಅನ್ನೋ ಕಾರಣಕ್ಕೆ. ಕಂಪನಿಯ ಹೆಸರು ಬರೆಯುವುದಿಲ್ಲ. ಅಲ್ಲಿನ ಸ್ಪ್ಲಿಟ್ ಅನ್ನೋ ಊರಿನ ಸುತ್ತಮುತ್ತ ಇಂಥ ಕಂಪನಿಗಳು ಬೇಕಾದಷ್ಟಿವೆ. ನಾನು ಓದಿದ ಒಪ್ಪಂದಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದವು.

ನಾನು ತೀರ್ಥಹಳ್ಳಿಯವಳು, ಈಗ ಮ್ಯೂನಿಕ್‌ನಲ್ಲಿ ಕೆಲಸ. ಇಲ್ಲಿ ಬಂದ ಮೇಲೆ ಹಾಯಿದೋಣಿಯ ಹುಚ್ಚು ಹಿಡಿಯಿತು. ಅಮ್ಮರ್‌ಜೇ ಅನ್ನೋ ಕೆರೆಯಲ್ಲಿ ಕಲಿತೆ, ಆಮೇಲೆ ಕ್ಲಬ್‌ನವರ ಜೊತೆ ಬಾಲ್ಟಿಕ್ ಸಮುದ್ರಕ್ಕೆ ಹೋಗಿಬಂದೆ. ಹೋದ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯಿಂದ ಅಕ್ಕ, ಭಾವ, ಕಾಲೇಜಿಗೆ ಹೋಗುವ ಅವರ ಮಗ ಮೂವರೂ ಬಂದಿದ್ದರು. ಕ್ರೊಯೇಷಿಯಾ 2023ರ ಜನವರಿ 1ರಿಂದ, ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಷೆಂಗೆನ್ ಗುಂಪಿನ ಒಳಗಿದೆ, ದುಡ್ಡೂ ಯೂರೋ. ಹಾಗಾಗಿ ಜರ್ಮನಿಗೆ ತೆಗೆದುಕೊಂಡ ವೀಸಾದಲ್ಲೇ ಅವರನ್ನು ಕರೆದುಕೊಂಡು ಹೋದೆವು. ನಮ್ಮವರೂ ಸೇರಿ ಐದು ಜನ. ಅದರಲ್ಲಿ ದೋಣಿ ನಡೆಸಲು ಬರುವುದು ನನಗೊಬ್ಬಳಿಗೆ. ಈಜು ಬರುವುದು ಮೂವರಿಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಬೇರ್‌ಬೋಟ್ ಚಾರ್ಟರ್ ಅಂದರೆ ದೋಣಿ ಮಾತ್ರ ಬಾಡಿಗೆಗೆ. ನಡೆಸುವವರು ನಾವೇ, ಅಡುಗೆ ನಮ್ಮದೇ, ರಾತ್ರಿ ಲಂಗರು ಜಾರಿದರೆ ಎದ್ದು ಓಡುವವರೂ ನಾವೇ. ಶನಿವಾರ ಸಂಜೆ ಐದರ ಹೊತ್ತಿಗೆ ದೋಣಿ ಕೈಗೆ ಕೊಡುತ್ತಾರೆ. ಮುಂದಿನ ಶುಕ್ರವಾರ ಸಂಜೆಯೊಳಗೆ ಮರೀನಾಕ್ಕೆ ವಾಪಸ್ ತಂದಿರಬೇಕು. ಆ ರಾತ್ರಿ ಅಲ್ಲೇ ಮಲಗಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಳಿಯಬೇಕು. ನಾವು ತೆಗೆದುಕೊಂಡಿದ್ದು ಬವಾರಿಯಾ ಅನ್ನೋ ಕಂಪನಿ ಮಾಡಿದ 46 ಅಡಿಯ ಹಾಯಿದೋಣಿ. ಉದ್ದ 14 ಮೀಟರ್, ತೂಕ 12 ಟನ್‌ಗೂ ಜಾಸ್ತಿ, ನೀರಿನ ಕೆಳಗೆ ಎರಡು ಮೀಟರ್ ಆಸುಪಾಸು. ವಾರಕ್ಕೆ 2,200 ಯೂರೋ. ಟ್ರಾನ್ಸಿಟ್ ಲಾಗ್ ಅಂತ ಕ್ಲೀನಿಂಗ್, ಹಾಸಿಗೆ ಬಟ್ಟೆ, ಗ್ಯಾಸ್ ಎಲ್ಲ ಸೇರಿಸಿ ಇನ್ನೊಂದು 220. ಠೇವಣಿ 2,500 ಯೂರೋ, ಕ್ರೆಡಿಟ್ ಕಾರ್ಡಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ.

ಬುಕ್ ಮಾಡುವಾಗ ನನ್ನನ್ನು ಕೇಳಿದ್ದು ಎರಡು ಕಾಗದ. ಒಂದು ದೋಣಿ ಲೈಸೆನ್ಸ್, ಇನ್ನೊಂದು ರೇಡಿಯೋ ಬಳಸುವ ಸರ್ಟಿಫಿಕೇಟ್. ಸ್ಕ್ಯಾನ್ ಮಾಡಿ ಕಳಿಸಿದೆ. "ಥ್ಯಾಂಕ್ಯೂ, ಎಲ್ಲ ಸರಿ ಇದೆ" ಅಂತ ಉತ್ತರ ಬಂತು. ಅಷ್ಟೇ. ಎಷ್ಟು ಮೈಲಿ ನಡೆಸಿದ್ದೀರಿ, ಇಷ್ಟು ದೊಡ್ಡ ದೋಣಿ ಹಿಂದೆ ಮುಟ್ಟಿದ್ದೀರಾ, ಜೊತೆಗೆ ಬರುವವರಿಗೆ ಏನು ಬರುತ್ತದೆ, ಯಾರೂ ಕೇಳಲಿಲ್ಲ.

ಈ ಲೈಸೆನ್ಸಿನ ಕಥೆ ಸ್ವಲ್ಪ ಹೇಳಬೇಕು. ಜರ್ಮನಿಯಲ್ಲಿ ಸಮುದ್ರಕ್ಕೆ ಕೊಡುವ ಮೊದಲ ಹಂತದ ಲೈಸೆನ್ಸ್ ಒಂದಿದೆ, ಎಸ್‌ಬಿಎಫ್ ಜೇ ಅಂತ. ಅದಕ್ಕೆ 30 ಆಯ್ಕೆ ಪ್ರಶ್ನೆ, ನಕ್ಷೆಯ ಮೇಲೆ ಒಂದಷ್ಟು ಲೆಕ್ಕ, ಆಮೇಲೆ ಪ್ರಾಯೋಗಿಕ ಪರೀಕ್ಷೆ. ಆ ಪ್ರಾಯೋಗಿಕ ಪರೀಕ್ಷೆ ನಡೆಯುವುದು ಮೋಟಾರು ದೋಣಿಯಲ್ಲಿ. ಹಾಯಿಯ ಹಗ್ಗ ಒಂದು ಸಲವೂ ಮುಟ್ಟದೆ ಪಾಸಾಗಬಹುದು. ಕ್ರೊಯೇಷಿಯಾದಲ್ಲಿ ಆ ಲೈಸೆನ್ಸೂ ರೇಡಿಯೋ ಸರ್ಟಿಫಿಕೇಟೂ ಇದ್ದರೆ 46 ಅಡಿಯ ಹಾಯಿದೋಣಿ ಕೊಡುತ್ತಾರೆ. ಹೊಸದಾಗಿ ಸ್ಕೂಟರ್ ಲೈಸೆನ್ಸ್ ಮಾಡಿಸಿದವನ ಕೈಗೆ ಕೆಎಸ್‌ಆರ್‌ಟಿಸಿ ಬಸ್ಸಿನ ಕೀಲಿ ಕೊಟ್ಟ ಹಾಗೆ. ನನ್ನ ಹತ್ತಿರ ಅದರ ಮುಂದಿನ ಹಂತದ ಎಸ್‌ಕೆಎಸ್ ಕೂಡ ಇದೆ. ಅದಕ್ಕೆ 300 ನಾಟಿಕಲ್ ಮೈಲಿಯ ಅನುಭವ ತೋರಿಸಬೇಕು, ಹಾಯಿ ಬಿಚ್ಚಿ ಪರೀಕ್ಷೆ ಕೊಡಬೇಕು. ಅದನ್ನೂ ಕಳಿಸಲಾ ಅಂತ ಕೇಳಿದೆ. ಬೇಡ ಅಂದರು.

ಎಲ್ಲ ಕಡೆಯೂ ಹೀಗೇ ಅಂತಲ್ಲ. ಗ್ರೀಸ್‌ನಲ್ಲಿ ಲೈಸೆನ್ಸ್ ಇರುವ ಒಬ್ಬರ ಜೊತೆ, ನನಗೂ ಅನುಭವ ಇದೆ ಅಂತ ಬರೆದು ಸಹಿ ಹಾಕುವ ಇನ್ನೊಬ್ಬರೂ ಬೇಕು. ಕೆರಿಬಿಯನ್ ಕಡೆ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಕಂಪನಿಗಳು ಲೈಸೆನ್ಸಿಗಿಂತ ಜಾಸ್ತಿ ನಮ್ಮ ಅನುಭವದ ಪಟ್ಟಿ ನೋಡುತ್ತವೆ. ಎಲ್ಲೆಲ್ಲಿ ಹೋಗಿದ್ದಿರಿ, ಎಷ್ಟು ದೊಡ್ಡ ದೋಣಿ, ಲಂಗರು ಹಾಕಿದ್ದೀರಾ ಅಂತ. ಅನುಮಾನ ಬಂದರೆ ಮೊದಲು ಅವರದೇ ಒಬ್ಬ ಸ್ಕಿಪರ್‌ನನ್ನು, ಅಂದರೆ ದೋಣಿ ನಡೆಸುವವನನ್ನು, ದೋಣಿ ಹತ್ತಿಸುತ್ತಾರೆ. ನಮ್ಮ ಕೈ ಹೇಗಿದೆ ಅಂತ ನೋಡಿ, ಒಪ್ಪಿಗೆಯಾದರೆ ಅವನು ಇಳಿದು ಹೋಗುತ್ತಾನೆ. ಇದು ನನಗೆ ಸರಿ ಅನಿಸುತ್ತದೆ. ಕಾಗದ ನೋಡುವುದಕ್ಕಿಂತ ಕೈ ನೋಡುವುದು ಮೇಲು.

ಇನ್ನು ದೋಣಿ ಕೈಗೆ ಕೊಟ್ಟ ಸಂಜೆ. ಇಪ್ಪತ್ತೈದರ ಆಸುಪಾಸಿನ ಹುಡುಗ, ಕೈಯಲ್ಲಿ ಟ್ಯಾಬ್ಲೆಟ್, ಮುಖದಲ್ಲಿ ನಗು. ಶನಿವಾರ ಅವನಿಗೆ ಒಂದಾದ ಮೇಲೆ ಒಂದು ದೋಣಿ, ಬೆವರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲ. ಆದರೂ ಅವಸರ ಮಾಡಲಿಲ್ಲ. ಗ್ಯಾಸ್ ವಾಲ್ವ್ ಎಲ್ಲಿ, ಲಂಗರಿನ ಮೋಟಾರಿನ ಫ್ಯೂಸ್ ಎಲ್ಲಿ, ನೀರು ಒಳಗೆ ಬಂದರೆ ಹೊರಹಾಕುವ ಪಂಪ್ ಎಲ್ಲಿ, ಟಾಯ್ಲೆಟ್‌ಗೆ ಏನು ಹಾಕಬಾರದು, ಎಲ್ಲ ತೋರಿಸಿದ. ಟಾಯ್ಲೆಟ್ ಬಗ್ಗೆ ಹೇಳಿದಷ್ಟು ಹೊತ್ತು ಹಾಯಿಯ ಬಗ್ಗೆ ಹೇಳಲಿಲ್ಲ, ಪಾಪ ಅವನ ಅನುಭವ ಅವನಿಗೆ. ಆಮೇಲೆ ಪಟ್ಟಿ ತೆಗೆದ. ತಟ್ಟೆ, ಲೋಟ, ಫೋರ್ಕ್, ಚಮಚ. ಒಂದು ಚಮಚ ಕಮ್ಮಿ ಬಂತು. ಅಡುಗೆ ಡ್ರಾಯರ್ ಪೂರ್ತಿ ಹೊರಗೆಳೆದು ಹುಡುಕಿ, ಸ್ಟೋವ್ ಹಿಂದೆ ಬಿದ್ದಿದ್ದ ಅದನ್ನು ತೆಗೆದು, ಒರೆಸಿ, ಎಣಿಸಿ, ಟಿಕ್ ಹಾಕಿಕೊಂಡ. ನಮ್ಮ ಅಕ್ಕನಿಗೆ ಈ ಶಿಸ್ತು ಬಹಳ ಇಷ್ಟವಾಯಿತು. ನಾನು ಮಾತ್ರ ಯೋಚನೆ ಮಾಡುತ್ತಿದ್ದೆ. ಚಮಚ ಎಣಿಸಿದರು. ಈ ಹೆಂಗಸಿಗೆ ದೋಣಿಯನ್ನು ಹಿಂದಕ್ಕೆ ತೆಗೆಯಲು ಬರುತ್ತದಾ ಅಂತ ಯಾರೂ ನೋಡಲಿಲ್ಲ.

ಹಿಂದಕ್ಕೆ ತೆಗೆಯುವುದೇ ಇಲ್ಲಿ ದೊಡ್ಡ ಕೆಲಸ. ಮೆಡಿಟರೇನಿಯನ್ ಬಂದರುಗಳಲ್ಲಿ ದೋಣಿಯ ಬೆನ್ನನ್ನು ದಡಕ್ಕೆ ಕೊಟ್ಟು, ಅಕ್ಕಪಕ್ಕದವರ ಮಧ್ಯೆ ನುಗ್ಗಿಸಿ ನಿಲ್ಲಿಸಬೇಕು. ದೋಣಿಗೆ ಬ್ರೇಕ್ ಇಲ್ಲ. ವೇಗ ಇಲ್ಲದಿದ್ದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ವೇಗ ಇದ್ದರೆ ದಡ ಹತ್ತಿರ ಬರುತ್ತಿರುತ್ತದೆ. ಪಕ್ಕದಿಂದ ಗಾಳಿ ಬಂದರೆ ಮೂತಿ ತಿರುಗಿಹೋಗುತ್ತದೆ. ಮೂತಿಯನ್ನು ಅಡ್ಡಕ್ಕೆ ತಳ್ಳಲು ಬೋ ಥ್ರಸ್ಟರ್ ಅನ್ನೋ ಸಣ್ಣ ಮೋಟಾರು ಇರುತ್ತದೆ, ಆದರೆ ಜೋರು ಗಾಳಿಗೆ ಅದು ಸಾಲದು. ಒಪ್ಪಂದಕ್ಕೆ ಸಹಿ ಹಾಕುವಾಗ ಯಾರಾದರೂ ಒಂದು ಮಾತು ಕೇಳಬೇಕಾದರೆ ಇದನ್ನೇ ಕೇಳಬೇಕು.

ಈಗ ಠೇವಣಿಯ ವಿಷಯ. ಕಂಪನಿ ಎರಡು ದಾರಿ ಕೊಡುತ್ತದೆ. ಒಂದು, ಪೂರ್ತಿ 2,500 ಯೂರೋ ಠೇವಣಿ. ದೋಣಿ ಸರಿಯಾಗಿ ವಾಪಸ್ ಕೊಟ್ಟರೆ ಪೂರ್ತಿ ವಾಪಸ್. ಇನ್ನೊಂದು, ಡ್ಯಾಮೇಜ್ ವೇವರ್ ಅಂತ 280 ಯೂರೋ ಕಟ್ಟಿಬಿಡುವುದು. ಆ ದುಡ್ಡು ಮರೆತುಬಿಡಬೇಕು, ಬದಲಿಗೆ ಠೇವಣಿ 500ಕ್ಕೆ ಇಳಿಯುತ್ತದೆ. ಏನೇ ಆದರೂ ಅದಕ್ಕಿಂತ ಜಾಸ್ತಿ ನಮ್ಮಿಂದ ಕೇಳುವುದಿಲ್ಲ, ನಾವು ತೀರಾ ಬೇಜವಾಬ್ದಾರಿ ಮಾಡದಿದ್ದರೆ. ನಾನು ಮೊದಲನೆಯದನ್ನೇ ಆರಿಸಿದೆ. ಜೊತೆಗೆ ಜರ್ಮನಿಯಲ್ಲೇ ಸ್ಕಿಪರ್ ಹೊಣೆಗಾರಿಕೆ ವಿಮೆ ಮಾಡಿಸಿದ್ದೆ. ಬೇರೆಯವರಿಗೆ ಅಥವಾ ನನ್ನ ಜೊತೆಗಿರುವವರಿಗೆ ನನ್ನಿಂದ ಏನಾದರೂ ಆದರೆ ಅದು ಬರುತ್ತದೆ. ನನ್ನ ಸ್ವಂತ ಠೇವಣಿಗೆ ಬರುವುದಿಲ್ಲ.

ಈ ವ್ಯವಸ್ಥೆಯ ಒಳಗುಟ್ಟು ಇಷ್ಟು. ಬಹಳಷ್ಟು ದೋಣಿಗಳು ಕಂಪನಿಯದೇ ಅಲ್ಲ. ಯಾರೋ ಒಬ್ಬರು ಸ್ವಂತಕ್ಕೆ ಕೊಂಡು, ಬಾಡಿಗೆಗೆ ಓಡಿಸಲು ಕಂಪನಿಗೆ ಕೊಟ್ಟಿರುತ್ತಾರೆ. ನಾವು ದುಡ್ಡು ಕಟ್ಟುವುದು ಮಧ್ಯದ ಏಜೆಂಟ್‌ಗೆ. ದೋಣಿಗೆ ಪೂರ್ತಿ ವಿಮೆ ಇರುತ್ತದೆ. ಆ ವಿಮೆಯಲ್ಲಿ ಮೊದಲ ಒಂದಷ್ಟು ಸಾವಿರ ಯೂರೋ ಕಂಪನಿಯೇ ಹಾಕಬೇಕು. ಆ ಮೊತ್ತವೇ ನಮ್ಮ ಠೇವಣಿ. ಅಂದರೆ ದೋಣಿ ಮುಳುಗಿದರೆ ವಿಮೆಯವರು ಇದ್ದಾರೆ, ಗೀರು ಬಿದ್ದರೆ ನಾವಿದ್ದೇವೆ. ನಡೆಸಲು ಬರದವರಿಗೆ ದೋಣಿ ಕೊಟ್ಟರೂ ಕಂಪನಿಯ ಜೇಬಿಗೆ ದೊಡ್ಡ ಪೆಟ್ಟೇನೂ ಬೀಳುವುದಿಲ್ಲ. ಹಾಗಿರುವಾಗ ಅವರು ಯಾಕೆ ಕೇಳುತ್ತಾರೆ, ಹೇಳಿ.

ಸಣ್ಣ ಅಕ್ಷರದಲ್ಲಿ ಇನ್ನೂ ಇತ್ತು. ಹಾಯಿ ಹರಿದರೆ ವಿಮೆಗೆ ಬರುವುದಿಲ್ಲ, ಕಂಬವೇ ಮುರಿದು ಅದರ ಜೊತೆ ಹರಿದಿದ್ದರೆ ಮಾತ್ರ. ಕೆಳಭಾಗ ಬಂಡೆಗೆ ತಾಗಿದರೆ ಕೂಡಲೇ ಫೋನ್ ಮಾಡಬೇಕು, ಮುಚ್ಚಿಟ್ಟರೆ ಠೇವಣಿ ಹೋದಂತೆಯೇ. ಯಾರಾದರೂ ಎಳೆದುಕೊಂಡು ಹೋಗುತ್ತೇನೆ ಅಂದರೆ ಮೊದಲು ರೇಟ್ ಮಾತಾಡಿ, ಕಂಪನಿಗೆ ಹೇಳಿ, ಆಮೇಲೆ ಹಗ್ಗ ಕೊಡಬೇಕು. ಇದು ಸುಮ್ನೆ ಹಾಕಿರುವ ಸಾಲಲ್ಲ. ಸಮುದ್ರದ ಕಾನೂನಿನಲ್ಲಿ ಜೀವ ಉಳಿಸಿದವರು ಉಳಿದವರಿಂದ ದುಡ್ಡು ಕೇಳುವಂತಿಲ್ಲ. ಆದರೆ ಅಪಾಯದಲ್ಲಿದ್ದ ದೋಣಿ ಉಳಿಸಿದವರು ಕೇಳಬಹುದು, ಅದೂ ದೋಣಿಯ ಬೆಲೆ ನೋಡಿ. ಮೊದಲೇ ಮಾತಾಡದೆ ಹಗ್ಗ ಕೊಟ್ಟವರಿಗೆ ಆಮೇಲೆ ಬರುವ ಬಿಲ್ ನೋಡಿ ತಲೆ ತಿರುಗಿದ ಉದಾಹರಣೆಗಳಿವೆ.

ಅಪಾಯ ದುಡ್ಡಿನದು ಮಾತ್ರ ಅಲ್ಲವಲ್ಲ. ಅಕ್ಕ, ಭಾವ, ಅವರ ಮಗ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಪ್ರಯಾಣಿಕರ ಪಟ್ಟಿಯಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್ ಇತ್ತು ಅಷ್ಟೇ. ನಾನೇ ನೀರಿಗೆ ಬಿದ್ದರೆ ಅವರ ಗತಿ ಏನು? ಕಂಪನಿಯವರ ಬ್ರೀಫಿಂಗ್‌ನಲ್ಲಿ ಈ ಪ್ರಶ್ನೆಯೇ ಬರಲಿಲ್ಲ. ಭಾನುವಾರ ಬೆಳಿಗ್ಗೆ ಮರೀನಾ ಬಿಡುವ ಮೊದಲು ನಾನೇ ಎಲ್ಲರನ್ನೂ ಕೂರಿಸಿಕೊಂಡೆ. ಎಂಜಿನ್ ಹೇಗೆ ಶುರು ಮಾಡುವುದು, ಹೇಗೆ ನಿಲ್ಲಿಸುವುದು. ರೇಡಿಯೋದಲ್ಲಿ 16ನೇ ಚಾನೆಲ್. ಕೆಂಪು ಬಟನ್‌ನ ಮುಚ್ಚಳ ಎತ್ತಿ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ನಾವಿರುವ ಜಾಗ ಸಮೇತ ಕರೆ ಹೋಗುತ್ತದೆ. ಫೋನಿಗೆ ಸಿಗ್ನಲ್ ಇದ್ದರೆ 195, ಕ್ರೊಯೇಷಿಯಾದ ಸಮುದ್ರ ರಕ್ಷಣೆಯ ನಂಬರ್. ಅಕ್ಕ ಇದನ್ನೆಲ್ಲ ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ರೇಡಿಯೋ ಪಕ್ಕ ಅಂಟಿಸಿದಳು. ಈಜು ಬರದ ಅವಳಿಗೂ ಭಾವನಿಗೂ ಲೈಫ್ ಜಾಕೆಟ್ ಬೆಳಿಗ್ಗೆ ಹಾಕಿದರೆ ದೋಣಿ ಕಟ್ಟಿದ ಮೇಲೇ ಬಿಚ್ಚುವುದು ಅಂತ ಖಡಕ್ಕಾಗಿ ಹೇಳಿದೆ. ಭಾವ ಫೋಟೋಕ್ಕಾದರೂ ತೆಗೆಯೋಣ ಅಂದರು. ಒಪ್ಪಲಿಲ್ಲ.

ಮೊದಲ ದಿನಗಳು ಚೆನ್ನಾಗಿ ಹೋದವು. ಬ್ರಾಚ್ ದ್ವೀಪದ ಮಿಲ್ನಾ, ಆಮೇಲೆ ಹ್ವಾರ್ ಎದುರಿನ ಪಾಕ್ಲೆನಿ ದ್ವೀಪಗಳು. ಮಧ್ಯಾಹ್ನ ಮಾಯೆಸ್ತ್ರಾಲ್ ಅನ್ನೋ ವಾಯವ್ಯದ ಗಾಳಿ ಏಳುತ್ತದೆ, ಸಂಜೆಗೆ ತಣ್ಣಗಾಗುತ್ತದೆ. ಹಾಯಿಗೆ ಹೇಳಿ ಮಾಡಿಸಿದ ಗಾಳಿ. ದೋಣಿ ನಿಜಕ್ಕೂ ಚೆನ್ನಾಗಿ ಇಟ್ಟಿದ್ದರು. ಎಂಜಿನ್ ಒಂದು ಸಲಕ್ಕೆ ಶುರು, ಹಾಯಿ ಹೊಸದು, ಲಂಗರಿನ ಸರಪಳಿಗೆ ಮೀಟರ್ ಗುರುತು ಬಣ್ಣ ಹಚ್ಚಿದ್ದರು. ಸ್ಟೋವ್ ದೋಣಿಯ ಜೊತೆ ತೂಗುವ ಥರದ್ದು. ಅದರ ಮೇಲೆ ಅಕ್ಕ ಉಪ್ಪಿಟ್ಟು, ಚಿತ್ರಾನ್ನ ಮಾಡಿದಳು, ಒಗ್ಗರಣೆ ಒಂದು ಹನಿ ಚೆಲ್ಲಲಿಲ್ಲ. ಅರ್ಧ ಅಂಕ ಕಳೆದಿದ್ದು ಫ್ರಿಜ್‌ಗೆ. ಮೊಸರು ಎರಡೇ ದಿನಕ್ಕೆ ಹುಳಿ ಬಂತು.

ಆಮೇಲೆ ವಿಸ್. ದಡದಿಂದ ದೂರದ ದ್ವೀಪ, ಸ್ಪ್ಲಿಟ್‌ನಿಂದ ಸುಮಾರು 30 ನಾಟಿಕಲ್ ಮೈಲಿ. ಯುಗೊಸ್ಲಾವಿಯಾ ಕಾಲದಲ್ಲಿ ಇಲ್ಲಿ ಸೇನೆ ಇತ್ತು, 1989ರ ತನಕ ಹೊರದೇಶದವರಿಗೆ ಪ್ರವೇಶವೇ ಇರಲಿಲ್ಲ. ಅದಕ್ಕೇ ಇರಬೇಕು, ಊರು ಇನ್ನೂ ಊರಿನ ಹಾಗೇ ಇದೆ. ನಾವು ಬೇಗ ಬಂದು ದಡಕ್ಕೆ ಕಟ್ಟಿ ಟೀ ಕುಡಿಯುತ್ತಿದ್ದೆವು. ನಾಲ್ಕೂವರೆ, ಐದು ಗಂಟೆ ಹೊತ್ತಿಗೆ ಬಾಡಿಗೆ ದೋಣಿಗಳೆಲ್ಲ ಒಟ್ಟಿಗೆ ಬರುತ್ತವೆ. ಆಗಲೇ ಗಾಳಿಯೂ ಜೋರು.

ನಮ್ಮ ಪಕ್ಕದ ಜಾಗಕ್ಕೆ ಒಂದು ದೋಣಿ ಬಂತು. ನಮ್ಮದಷ್ಟೇ ದೊಡ್ಡದು, ಬೇರೆ ಕಂಪನಿಯದು. ಆರು ಜನ ಹುಡುಗರು. ಫೆಂಡರ್‌ಗಳು ಅಂದರೆ ಪೆಟ್ಟು ತಡೆಯಲು ದೋಣಿಯ ಬದಿಗೆ ತೂಗುಬಿಡುವ ರಬ್ಬರ್ ಉಬ್ಬುಗಳು, ಅವನ್ನು ಒಂದು ಬದಿಗೆ ಮಾತ್ರ ಕಟ್ಟಿದ್ದರು, ಅದೂ ನಮ್ಮ ಬದಿಗಲ್ಲ. ಹಿಂದಕ್ಕೆ ಬರುತ್ತಾ ಬರುತ್ತಾ ವೇಗ ಕಳೆದುಕೊಂಡರು. ಗಾಳಿ ಮೂತಿಯನ್ನು ಹಿಡಿದು ನಮ್ಮ ಕಡೆಗೆ ತಳ್ಳಿತು. ಬೋ ಥ್ರಸ್ಟರ್ ಗರ್ರ್ ಅಂತ ಕೂಗಿತು, ಏನೂ ಆಗಲಿಲ್ಲ. "ಏನವಾ, ಇದು ನಮ್ಮ ಮ್ಯಾಲೇ ಬರಾಕತ್ತದಲ್ಲ!" ಅಂತ ಭಾವ ಎದ್ದರು. ಎದ್ದವರೇ ರೇಲಿಂಗ್ ಮೇಲಿಂದ ಕಾಲು ಚಾಚಿ ಆ ದೋಣಿಯನ್ನು ಒದ್ದು ತಳ್ಳಲು ಹೋದರು. "ಭಾವ, ಕಾಲು ಒಳಗೆ ತಗೊಳ್ಳಿ!" ಅಂತ ನಾನು ಕಿರುಚಿದ್ದು ದಡದಲ್ಲಿದ್ದವರಿಗೆಲ್ಲ ಕೇಳಿಸಿರಬೇಕು. ಹನ್ನೆರಡು ಟನ್ ತೂಕ ಮೆಲ್ಲಗೆ ಬರುತ್ತಿದ್ದರೂ ಹನ್ನೆರಡು ಟನ್ನೇ. ಅವರು ಕಾಲು ಎಳೆದುಕೊಂಡರು. ನಮ್ಮವರು ಒಂದು ಫೆಂಡರ್ ಎತ್ತಿ ಮಧ್ಯೆ ಹಿಡಿದರು. ಅದು ಬೇಕಾದ ಜಾಗಕ್ಕೆ ಒಂದು ಮೊಳ ಹಿಂದೆ ಆಯಿತು. ಆ ದೋಣಿಯ ಮೂತಿಯಲ್ಲಿ ತೂಗುತ್ತಿದ್ದ ಲಂಗರು ನಮ್ಮ ರೇಲಿಂಗ್ ಕಂಬಕ್ಕೆ ಸಿಕ್ಕಿಕೊಂಡಿತು. ಸ್ಟೀಲ್ ಕಂಬ ಸದ್ದೇ ಇಲ್ಲದೆ ಬಾಗಿತು. ಆಮೇಲೆ ಲಂಗರಿನ ತುದಿ ಬಿಳಿ ಬಣ್ಣದ ಮೇಲೆ ಕರಕರ ಅಂತ ಗೀರು ಎಳೆದುಕೊಂಡು ಹೋಯಿತು.

ಹುಡುಗರು ಒಳ್ಳೆಯವರು, ಅದನ್ನೂ ಹೇಳಬೇಕು. ಕಟ್ಟಿದ ಕೂಡಲೇ ಓಡಿಬಂದು ಕ್ಷಮೆ ಕೇಳಿದರು. ಅವರ ಸ್ಕಿಪರ್ ಲೈಸೆನ್ಸ್ ಮಾಡಿಸಿದ್ದು ಅದೇ ಬೇಸಿಗೆಯಲ್ಲಿ. ಇಷ್ಟು ದೊಡ್ಡ ದೋಣಿ ಇದೇ ಮೊದಲು ಅಂತ ತಾನೇ ಹೇಳಿದ. ಅವನ ಕೈ ನಡುಗುತ್ತಿತ್ತು. ಆಮೇಲೆ ಸಮಾಧಾನ ಮಾಡುವ ಥರ "ಚಿಂತೆ ಬೇಡ, ನಾವು ವೇವರ್ ಕಟ್ಟಿದ್ದೇವೆ" ಅಂದ.

ಇಲ್ಲೇ ನೋಡಿ ಎಲ್ಲರಿಗೂ ಗೊಂದಲ. ಅವನ ವೇವರ್ ಬರುವುದು ಅವನ ದೋಣಿಗೆ ಆದ ಪೆಟ್ಟಿಗೆ. ನನ್ನ ದೋಣಿಗೆ ಆದದ್ದಕ್ಕೆ ಅವನ ದೋಣಿಯ ಹೊಣೆಗಾರಿಕೆ ವಿಮೆ ಕೊಡಬೇಕು. ಅದಕ್ಕೆ ಅವನ ಕಂಪನಿ ಅರ್ಜಿ ಹಾಕಬೇಕು, ವಿಮೆಯವರು ಒಪ್ಪಬೇಕು, ನನ್ನ ಕಂಪನಿಗೆ ದುಡ್ಡು ಬರಬೇಕು, ಆಮೇಲೆ ನನಗೆ. ಅಷ್ಟರ ತನಕ ರಿಪೇರಿ ದುಡ್ಡು ಎಲ್ಲಿಂದ? ನನ್ನ ಠೇವಣಿಯಿಂದ. ಗುದ್ದಿದವನ ದೋಣಿಗೆ ಗೀರೂ ಇರಲಿಲ್ಲ, ಲಂಗರಿನ ಮೇಲೆ ಒಂದಿಷ್ಟು ಬಿಳಿ ಪುಡಿ ಅಷ್ಟೇ. ಅವನು ಶನಿವಾರ ಪೂರ್ತಿ ಠೇವಣಿ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಸುಮ್ಮನೆ ಕೂತು ಟೀ ಕುಡಿಯುತ್ತಿದ್ದವರು ಕಾಗದ ಹಿಡಿದು ಅಲೆಯಬೇಕು. ತಪ್ಪು ಯಾರದು ಅನ್ನುವುದಕ್ಕೂ ಖರ್ಚು ಯಾರದು ಅನ್ನುವುದಕ್ಕೂ ಸಂಬಂಧವೇ ಇಲ್ಲ. ನನ್ನ ಎರಡು ಅಂಕಕ್ಕೆ ಇದೇ ಮುಖ್ಯ ಕಾರಣ.

ಅಲ್ಲೇ ಕೂತು ಏನಾಯಿತು ಅಂತ ಇಂಗ್ಲಿಷಿನಲ್ಲಿ ಬರೆದೆ. ಎರಡೂ ದೋಣಿಯ ಹೆಸರು, ನೋಂದಣಿ ನಂಬರ್, ಸಮಯ, ಗಾಳಿ, ಎರಡು ಕಂಪನಿಗಳ ಫೋನ್. ಅವನ ಸಹಿ, ನನ್ನ ಸಹಿ, ದಡದಲ್ಲಿ ಹಗ್ಗ ಹಿಡಿಯಲು ಬಂದಿದ್ದ ಬಂದರಿನವನ ಸಹಿ. ಅವನ ಲೈಸೆನ್ಸಿನ ಫೋಟೋ, ಗೀರಿನ ಪಕ್ಕ ಟೇಪ್ ಹಿಡಿದು ಫೋಟೋ. ಕಂಪನಿಗೆ ಫೋನ್ ಮಾಡಿದಾಗ "ಸಹಿ ಇದೆಯಾ? ಇದ್ದರೆ ಸಾಕು, ರಜೆ ಮುಂದುವರಿಸಿ" ಅಂದರು. ಬಂದರು ಕಚೇರಿಗೂ ತಿಳಿಸಿದೆ. ಭಾವ ಎಲ್ಲ ನೋಡುತ್ತಿದ್ದವರು, "ಹುಡುಗ ಭಾಳ ಅಂಜ್ಯಾನ, ಚಾ ಕೊಡೋಣು" ಅಂದರು. ಅಕ್ಕ ಆರೂ ಜನಕ್ಕೆ ಟೀ, ಚಕ್ಕುಲಿ ಕೊಟ್ಟಳು. ಮರುದಿನ ಬೆಳಿಗ್ಗೆ ಗಾಳಿ ಕಮ್ಮಿ ಇದ್ದಾಗ ಅವರ ದೋಣಿ ಹೊರಗೆ ತೆಗೆಯಲು ನಾನೇ ದಡದಿಂದ ಹೇಳಿಕೊಟ್ಟೆ. ಮೂತಿಯನ್ನು ಗಾಳಿಗೆ ಎದುರು ಇಟ್ಟುಕೋ, ಮೊದಲು ಯಾವ ಹಗ್ಗ, ಕೊನೆಗೆ ಯಾವ ಹಗ್ಗ ಅಂತ. ಇದನ್ನು ಅವನಿಗೆ ಶನಿವಾರವೇ ಯಾರಾದರೂ ಹೇಳಿದ್ದರೆ ಆಗುತ್ತಿತ್ತು ಅಲ್ವಾ?

ಹಿಂದಿರುಗುವ ವಿಷಯಕ್ಕೆ ಬರುತ್ತೇನೆ, ಅಲ್ಲಿ ಇನ್ನೊಂದು ಅಪಾಯವಿದೆ. ಗುರುವಾರ ಮಧ್ಯಾಹ್ನದ ಹವಾಮಾನ ವರದಿಯಲ್ಲಿ ಶುಕ್ರವಾರ ಬುರಾ ಅಂತ ಬಂತು. ಬುರಾ ಅಂದರೆ ದಡದ ಬೆಟ್ಟಗಳಿಂದ ಕೆಳಗೆ ಬೀಳುವ ಈಶಾನ್ಯದ ತಣ್ಣನೆ ಗಾಳಿ. ಆಕಾಶ ಸ್ವಚ್ಛ ನೀಲಿ ಇರುವಾಗಲೇ ಬಂದುಬಿಡಬಹುದು, ಮತ್ತೆ ಒಂದೇ ಸಮ ಅಲ್ಲ, ಹೊಡೆತ ಹೊಡೆತವಾಗಿ ಬೀಸುತ್ತದೆ. ವಿಸ್ ಊರಿನ ಕೊಲ್ಲಿಯ ಬಾಯಿ ಇರುವುದೇ ಆ ದಿಕ್ಕಿಗೆ. ಸ್ಪ್ಲಿಟ್ ಕಡೆ ಹೋಗಬೇಕಾದರೆ ಆ ಗಾಳಿಗೆ ಎದುರು ಹೋಗಬೇಕು. ಕಂಪನಿಯ ಒಪ್ಪಂದ ಮಾತ್ರ ಶುಕ್ರವಾರ ಸಂಜೆ ಅನ್ನುತ್ತದೆ. ತಡವಾದರೆ ದಿನಬಾಡಿಗೆಯ ಹಲವು ಪಟ್ಟು ದಂಡ. ಕೆಟ್ಟ ಹವಾಮಾನ ಕಾರಣ ಅಲ್ಲ, ಅದನ್ನು ಮೊದಲೇ ನೋಡಿಕೊಳ್ಳುವುದು ಸ್ಕಿಪರ್ ಕೆಲಸ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಅನುಭವ ಇರುವವರಿಗೆ ಇದು ನ್ಯಾಯವೇ. ಹೊಸಬರಿಗೆ ಇದು ದಂಡ ಬೇಕಾ, ಬುರಾ ಬೇಕಾ ಅಂತ ಕೇಳಿದಂತೆ ಆಗುತ್ತದೆ. ದಂಡಕ್ಕೆ ಹೆದರಿ ಹೊರಡುವವರೇ ಜಾಸ್ತಿ.

ನಾವು ಗುರುವಾರವೇ ಊಟ ಬಿಟ್ಟು ಹೊರಟು ಶೋಲ್ತಾ ದ್ವೀಪದ ಮಾಸ್ಲಿನಿತ್ಸಾಕ್ಕೆ ಬಂದೆವು. ಅದರ ಬಾಯಿ ಪಶ್ಚಿಮಕ್ಕೆ, ಬುರಾದಿಂದ ಮರೆ. ಬಾಡಿಗೆ ಜಾಗ ದುಬಾರಿ, ಆದರೂ ಕೊಟ್ಟೆ. ಬೆಳಿಗ್ಗೆ ಗಾಳಿ ಬಲವಾಗುವ ಮೊದಲೇ ಹೊರಟೆವು. ಉಳಿದ ದಾರಿಯೂ ಸ್ವಲ್ಪವೇ ಇತ್ತು. ಮಧ್ಯಾಹ್ನದ ಮೇಲೆ ಮರೀನಾದ ಬಾಯಲ್ಲಿ ನಿಂತು ನೋಡಿದರೆ ಒಂದೊಂದೇ ದೋಣಿ ಒದ್ದೆಯಾಗಿ, ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದವು. ಕಂಪನಿಯ ಹುಡುಗರು ರಬ್ಬರ್ ಡಿಂಗಿಯಲ್ಲಿ ಎದುರು ಹೋಗಿ, ತಾವೇ ಹತ್ತಿ, ಚುಕ್ಕಾಣಿ ಹಿಡಿದು ಒಳಗೆ ತರುತ್ತಿದ್ದರು. ನಾಲ್ಕು ಅಂಕ ಅವರಿಗೆ ಇದಕ್ಕೇ. ಬೇರೆಯವರ ಹೊಸತನವನ್ನು ಪ್ರತಿ ಶುಕ್ರವಾರ ಸಂಜೆ ಮೈಮೇಲೆ ಎಳೆದುಕೊಳ್ಳುವವರು ಅವರೇ. ನಮ್ಮ ದೋಣಿಯ ಡೀಸೆಲ್ ಬಂಕ್ ಸಾಲಿನಲ್ಲೂ ಒಬ್ಬ ಹುಡುಗ ಬಂದು ಹಗ್ಗ ಹಿಡಿದ, ಟಿಪ್ಸ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಮುಳುಗುಗಾರ ನೀರಿಗೆ ಇಳಿದು ಕೆಳಭಾಗ ನೋಡಿದ. ಚುಕ್ಕಾಣಿ, ಕೀಲ್ ಅನ್ನೋ ತಳದ ಭಾರದ ರೆಕ್ಕೆ, ಪ್ರೊಪೆಲರ್ ಎಲ್ಲ ಸರಿ. ಮ್ಯಾನೇಜರ್ ಬಾಗಿದ ಕಂಬ, ಗೀರು ಎರಡನ್ನೂ ಅಳೆದು 900 ಯೂರೋ ಹಿಡಿದಿಟ್ಟರು. ಸಹಿ ಹಾಕಿದ ಕಾಗದ ತೋರಿಸಿದೆ. "ಕಾಗದ ಬಹಳ ಚೆನ್ನಾಗಿದೆ, ನಿಮ್ಮ ದುಡ್ಡು ವಾಪಸ್ ಬರುತ್ತದೆ. ಆದರೆ ನಾಳೆ ಸಂಜೆ ಇದೇ ದೋಣಿ ಬೇರೆಯವರಿಗೆ ಕೊಡಬೇಕು, ಕಂಬ ಇವತ್ತೇ ಹಾಕಬೇಕು" ಅಂದರು. ಅವರ ಮಾತೂ ಸುಳ್ಳಲ್ಲ. ಆದರೆ ಈ 900ರ ಲೆಕ್ಕಕ್ಕೆ ರಸೀದಿ ಕೇಳಿದರೆ ಆಮೇಲೆ ಕಳಿಸುತ್ತೇವೆ ಅಂದರು. ಆಮೇಲೆ ಅಂದರೆ ನಾನು ನಾಲ್ಕಾರು ಮೇಲ್ ಹಾಕಿದ ಮೇಲೆ. ಏಜೆಂಟ್‌ಗೆ ಬರೆದರೆ "ನಾವು ಮಧ್ಯವರ್ತಿ ಮಾತ್ರ, ಕಂಪನಿಯನ್ನು ಕೇಳಿ." ಕಂಪನಿಯನ್ನು ಕೇಳಿದರೆ "ಆ ಕಡೆಯ ವಿಮೆಯವರನ್ನು ಕಾಯುತ್ತಿದ್ದೇವೆ." ದೀಪಾವಳಿ ಮುಗಿದು ಕ್ರಿಸ್‌ಮಸ್ ಹತ್ತಿರ ಬಂದಾಗ ಪೂರ್ತಿ ದುಡ್ಡು ಬಂತು. ಒಂದು ಸಾಲಿನ ಮೇಲ್ ಕೂಡ ಇಲ್ಲ, ಬ್ಯಾಂಕ್ ಮೆಸೇಜ್ ನೋಡಿ ಗೊತ್ತಾಯಿತು.

ಹೋಗುವವರಿಗೆ ನಾನು ಹೇಳುವುದೇನು ಅಂದರೆ, ದೋಣಿ ನಡೆಸಿ ಹೆಚ್ಚು ಅಭ್ಯಾಸ ಇಲ್ಲದಿದ್ದರೆ ಸ್ಕಿಪರ್ ತೆಗೆದುಕೊಳ್ಳಿ. ದಿನಕ್ಕೆ 200 ಯೂರೋ ಆಸುಪಾಸು, ಮೇಲೆ ಅವರ ಊಟ, ಮಲಗಲು ಒಂದು ಜಾಗ. ವಾರ ಪೂರ್ತಿ ಬೇಡದಿದ್ದರೆ ಮೊದಲ ಒಂದೆರಡು ದಿನಕ್ಕಾದರೂ ಸಿಗುತ್ತಾರಾ ಅಂತ ಕೇಳಿ. ಬಂದರಿಗೆ ಹಿಂದಕ್ಕೆ ತರುವುದನ್ನು ಅವರ ಎದುರು ನೀವೇ ಮಾಡಿ ಕಲಿಯಿರಿ. ಒಂದು ಎಚ್ಚರ. ನಾನು ಓದಿದ ಒಪ್ಪಂದಗಳಲ್ಲಿ, ಸ್ಕಿಪರ್ ಇದ್ದರೂ ಠೇವಣಿ ನಮ್ಮದೇ. ಅವನು ಗುದ್ದಿದರೂ ನಮ್ಮದೇ ಹೋಗುತ್ತದೆ. ಹಾಗಾಗಬಾರದು ಅಂದರೆ ಬುಕ್ ಮಾಡುವಾಗಲೇ ಕೇಳಿ, ಬರೆಸಿಕೊಳ್ಳಿ. ಹೊಣೆಗಾರಿಕೆ ವಿಮೆ ಯಾವ ಕಾರಣಕ್ಕೂ ಬಿಡಬೇಡಿ, ನಿಮ್ಮ ಜೊತೆ ಬರುವ ಅಕ್ಕ ಭಾವನಿಗಾದರೂ ಅದು ಬೇಕು. ದೋಣಿ ಹತ್ತಿದ ಕೂಡಲೇ ಸುತ್ತ ನಡೆದು ಹಳೇ ಗೀರುಗಳದ್ದೆಲ್ಲ ವಿಡಿಯೋ ಮಾಡಿ. ಚಮಚ ಅವರು ಎಣಿಸುತ್ತಾರೆ.

ಮತ್ತೆ ಅದೇ ಕಂಪನಿಗೆ ಹೋಗುತ್ತೀರಾ ಅಂತ ಕೇಳಿದರೆ, ಆಗಲೇ ಬುಕ್ ಮಾಡಿ ಆಗಿದೆ. ಅಷ್ಟು ಒಳ್ಳೆಯ ಸ್ಥಿತಿಯಲ್ಲಿರುವ ದೋಣಿ ಆ ಬೆಲೆಗೆ ನನಗೆ ಬೇರೆ ಕಡೆ ಸಿಗಲಿಲ್ಲ. ಈ ಸಲವೂ ಲೈಸೆನ್ಸ್ ಮತ್ತು ರೇಡಿಯೋ ಸರ್ಟಿಫಿಕೇಟ್ ಬಿಟ್ಟು ಏನೂ ಕೇಳಲಿಲ್ಲ. ವೇವರ್ 300 ಯೂರೋ ಆಗಿದೆ. ಕಟ್ಟಿಬಿಟ್ಟೆ.